ಅಮಾವಾಸ್ಯೆಗೆ ಬಂದ ಮಂದಿ

ರಾಮದುರ್ಗದಲ್ಲಿ ನನ್ನ ಬಾಡಿಗೆ ಕೋಣೆಯ ಕೆಳಗೇ ಮನೆಯವರ ಮಗ್ಗಗಳಿದ್ದವು. ಬೆಳಗಾದರೆ ಖಟಪಟ ಶುರು. ಹಾಳಾದ ಸದ್ದು ಎಂದು ಬೈದುಕೊಳ್ಳುತ್ತಿದ್ದೆ. ಅದೇ ನನ್ನ ಮಾನ ಕಾಯುತ್ತಿತ್ತೆಂದು ಆಮೇಲೆ ತಿಳಿಯಿತು.

ಸವದತ್ತಿಯಿಂದ ಅಲ್ಲಿನ ಹೈಸ್ಕೂಲಿಗೆ ವರ್ಗವಾಗಿ ಬಂದ ಒಂಟಿ ಹೆಂಗಸು ನಾನು. "ಒಬ್ಬರ ಇರತೀರಿ, ಬ್ಯಾಸರ ಆಗೂದಿಲ್ಲೇನ್ರಿ?" ಎಂದು ಯಾರಾದರೂ ಕೇಳಿದರೆ, "ಗೆಳತ್ಯಾರು ಬಂದು ಹೋಗತಿರತಾರಲ್ರಿ" ಅಂದುಬಿಡುತ್ತಿದ್ದೆ. ಒಂದು ನರಪಿಳ್ಳೆಯೂ ಬರುತ್ತಿರಲಿಲ್ಲ.

ಆಗ ಡಿವಿಡಿ ಹೊಸದು. ಬೆಳಗಾವಿಯಲ್ಲಿ ಒಂದು ಪರದೇಶದ ಸಿನಿಮಾ ಕೊಂಡು ತಂದಿದ್ದೆ. ಅದರಲ್ಲಿ ಒಬ್ಬಳು ದಿನಾ ತನಗೂ ತಂಗಿಗೂ ಎರಡು ತಾಟು ಹಾಕುತ್ತಾಳೆ. ತಂಗಿ ಮಾತ್ರ ಯಾವಾಗ ನೋಡಿದರೂ ಈಗಷ್ಟೇ ಎದ್ದು ಹೋಗಿರುತ್ತಾಳೆ. ಕತೆ ಅಲ್ಲಿ ತಿರುಗಿ, ಇಲ್ಲಿ ತಿರುಗಿ, ಕೊನೆಗೆ ತಂಗಿಯೇ ಇಲ್ಲವೆಂದು ಗೊತ್ತಾಗುತ್ತದೆ. ಕೆಳಗೆ ಮೂಡುವ ಇಂಗ್ಲಿಷ್ ಅಕ್ಷರ ಓದಿಕೊಂಡು ನೋಡಿ ಮುಗಿಸಿದಾಗ, ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಉಬ್ಬುತ್ತದೆ ಅನ್ನಿಸಿತು. ಹೇಳುವುದು ಯಾರಿಗೆ?

ಆ ಡಿಸ್ಕಿನಲ್ಲಿ ಇನ್ನೊಂದು ಸವಲತ್ತಿತ್ತು. ಗುಂಡಿ ಒತ್ತಿದರೆ ಪಾತ್ರಗಳ ಮಾತು ಸಣ್ಣದಾಗಿ, ನಿರ್ದೇಶಕನೂ ನಟಿಯೂ ತಮ್ಮ ಸಿನಿಮಾ ತಾವೇ ನೋಡುತ್ತ ಹರಟುವುದು ಕೇಳಿಸುತ್ತಿತ್ತು. ಆ ಹರಟೆಗೆ ಇಂಗ್ಲಿಷ್ ಅಕ್ಷರಗಳಿರಲಿಲ್ಲ, ನನಗೆ ಒಂದು ಶಬ್ದವೂ ತಿಳಿಯದು. ಆದರೂ ಶಾಲೆಯಿಂದ ಬಂದವಳೇ ಅದನ್ನು ಹಚ್ಚಿ, ಮಗ್ಗದ ಸದ್ದನ್ನು ಮೀರುವಷ್ಟು ದನಿ ಏರಿಸಿ, ಅಡುಗೆಗೆ ನಿಲ್ಲುತ್ತಿದ್ದೆ. ಅವರು ನಕ್ಕಾಗ ನಾನೂ ನಗುತ್ತಿದ್ದೆ.

ಅಮಾವಾಸ್ಯೆಯ ದಿನ ನೇಕಾರರು ಮಗ್ಗ ಮುಟ್ಟುವುದಿಲ್ಲ. ನನಗದು ಲಕ್ಷ್ಯದಲ್ಲಿರಲಿಲ್ಲ, ಎಂದಿನ ದನಿಯಲ್ಲೇ ಹಚ್ಚಿ ಕೂತಿದ್ದೆ. ಬಾಗಿಲು ಬಡಿದ ಸದ್ದಾಯಿತು. ಟಿವಿಯೊಳಗಿನ ಗಂಡಸಿನ ದನಿ ಕೇಳಿ ಮನೆಯವರು ಬೈಯಲು ಬಂದರೆಂದು ಅಂಜುತ್ತಲೇ ಎದ್ದೆ. ತೆರೆದರೆ ಮನೆಯೊಡತಿ ಕಾಕು, ಕೈಯಲ್ಲಿ ಪರಾತ, ಅದರಲ್ಲಿ ಹೋಳಿಗೆ ಬಡಿಸಿದ ಮೂರು ತಾಟು.

"ಮಂದಿ ಬಂದಾರಂತ ಹೇಳಬಾರದೇನ್ರಿ ಅಕ್ಕೋರ? ಅಮಾಸಿ ದಿನ ಹಂಗ ಕಳಸತೀರೇನು?"

ಒಳಗೆ ಬಂದು ಕೋಣೆ ನೋಡಿದರು. ಟಿವಿ ನೋಡಿದರು. ಅದರೊಳಗಿನ ಇಬ್ಬರೂ ಜೋರಾಗಿ ನಕ್ಕರು.

"ಇವರ ಮಾತು ನಿಮಗ ತಿಳೀತೈತೇನ್ರಿ?"

"ಇಲ್ರಿ ಕಾಕು."

ಕಾಕು ಕೂತು, ಒಂದು ತಾಟು ನನ್ನ ಕಡೆ ಸರಿಸಿ, ಇನ್ನೊಂದು ತಾವು ಎಳೆದುಕೊಂಡರು.

"ಏನ್ ಕತಿ ಇದು, ಹೇಳ್ರಿ."

ಉಣ್ಣುತ್ತ ಪೂರಾ ಹೇಳಿದೆ. ತಂಗಿಯೇ ಇಲ್ಲವೆಂಬಲ್ಲಿಗೆ ಬಂದಾಗ ಅಳು ಬಂತು. ಕಾಕು ಮೂರನೆಯ ತಾಟಿನ ಹೋಳಿಗೆಗಳನ್ನು ನನ್ನ ಡಬ್ಬಿಗೆ ಹಾಕಿದರು, ಮೂರೂ ಖಾಲಿ ತಾಟು ಎತ್ತಿಕೊಂಡು ಮೆಟ್ಟಿಲು ಇಳಿದರು.

ಮಗ್ಗ ನಿಂತಿದ್ದರಿಂದ ಕೆಳಗೆ ಸೊಸೆ ಕೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

"ಹೋದ್ರೇನ್ರಿ ಅತ್ತಿ, ಬಂದ ಮಂದಿ?"

"ಹ್ಞೂಂ. ಹೊಟ್ಟಿ ತುಂಬ ಉಂಡು ಹೋದ್ರು."