ಬೂದಿ ಹಚ್ಚದ ಒಂಬತ್ತು ಸಾಲು

ಹಣೆಗೆ ವಿಭೂತಿ ಇಟ್ಟುಕೊಂಡ ಕೈಯಲ್ಲೇ ಫೋನು ಮುಟ್ಟಬಾರದು ಎಂಬ ಬುದ್ಧಿ ನನಗೆ ಬಂದಿದ್ದು ಇವತ್ತು ಬೆಳಿಗ್ಗೆ. ಗಾಜಿನ ಮೇಲೆ ಮೂರು ಬೆರಳಿನ ಬಿಳಿ ಗೀರು ಮೂಡಿತ್ತು. ಅದರ ಹಿಂದೆ ಜರ್ಮನಿಯಿಂದ ಬಂದ ಇಮೇಲ್ ಒಂದು ಮಸುಕಾಗಿ ಕಾಣುತ್ತಿತ್ತು. ಹತ್ತಾರು ದೇಶಗಳವರು ಸೇರಿ ಊರೂರಿನ ಹಳೆಯ ಮಳೆ ಲೆಕ್ಕಗಳನ್ನು ಒಂದೇ ಪಟ್ಟಿಗೆ ತರುತ್ತಿದ್ದಾರಂತೆ. ನಮ್ಮೂರಿನ ಪುಟವೂ ಸಿದ್ಧವಾಗಿದೆ, ಎಲ್ಲ ಸರಿಯಿದ್ದರೆ ಒಪ್ಪಿಗೆ ಒತ್ತಿ ಎಂದು ಕೇಳಿದ್ದರು. ಪುಟದ ಕೊನೆಯಲ್ಲಿ ದೊಡ್ಡಪ್ಪನ ಹೆಸರು, ಅದರ ಮುಂದೆ ಹೀಗೊಂದು ಟಿಪ್ಪಣಿ: ವೀಕ್ಷಕರ ಗೈರುಹಾಜರಿ, ಒಂಬತ್ತು ದಿನ. ಒತ್ತಲು ಹೋದ ಬೆರಳು ಅಲ್ಲೇ ನಿಂತುಬಿಟ್ಟಿತು. ಯಾಕೆ ಎಂದು ಹೇಳುತ್ತೇನೆ, ಸ್ವಲ್ಪ ಸುತ್ತು ದಾರಿ, ಜೊತೆಗೆ ಬನ್ನಿ.

ನಮ್ಮೂರು ನಂಜನಗೂಡು ತಾಲ್ಲೂಕಿನಲ್ಲಿ, ದೇವನೂರಿನ ಬಸ್ಸು ಮನಸ್ಸಿದ್ದರೆ ನಿಲ್ಲಿಸುವ ಕಡೆ ಇದೆ. ಅಲ್ಲಿ ದೊಡ್ಡಪ್ಪನ ಹಿತ್ತಿಲಿನಲ್ಲಿ, ದೊಡ್ಡವ್ವನ ಮಲ್ಲಿಗೆ ಗಿಡದ ಪಕ್ಕ, ಒಂದು ಮಳೆ ಮಾಪಕ ಇತ್ತು. ಊರಿನವರು ಅದನ್ನು ಮಳೆ ಡಬ್ಬಿ ಎನ್ನುತ್ತಿದ್ದರು. ಯಾವುದೋ ಕಾಲದಲ್ಲಿ ಸರ್ಕಾರದವರು ಬಂದು ಅದನ್ನು ನೆಟ್ಟು, ದಿನಾ ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ಅಳೆದು ಬರೆಯಿರಿ ಎಂದು ಒಂದು ಪುಸ್ತಕ, ಒಂದು ಅಳತೆ ಗ್ಲಾಸು ಕೊಟ್ಟು ಹೋಗಿದ್ದರು. ದೊಡ್ಡಪ್ಪನಿಗೆ ಅದೇ ಒಂದು ಹುದ್ದೆ. ನಮ್ಮ ಎಂಟೂವರೆ ಎಂದರೆ ಗ್ರೀನಿಚ್‌ನಲ್ಲಿ ಬೆಳಗಿನ ಜಾವ ಮೂರು ಎಂದು ಯಾರೋ ಇನ್‌ಸ್ಪೆಕ್ಟರು ಹೇಳಿದ್ದೇ ತಡ, ಆ ಮನುಷ್ಯನ ನಡಿಗೆಯೇ ಬದಲಾಯಿತು.

"ನಾನು ಡಬ್ಬಿ ತಾವ ನಿಂತ್ಕಂಡಾಗ ಪರಪಂಚದಲ್ಲೆಲ್ಲಾ ಒಬ್ಬೊಬ್ಬ ಇಂಗೇ ನಿಂತ್ಕಂಡಿರ್ತಾನೆ ಕಣ್ಲಾ," ಎನ್ನುತ್ತಿದ್ದ. "ರಷ್ಯಾದಲ್ಲಿ ಒಬ್ಬ, ಜಪಾನಲ್ಲಿ ಒಬ್ಬ. ನಾನೊಬ್ಬ ತಪ್ಸುದ್ರೆ ಅವ್ರ ಲೆಕ್ಕ ಎಲ್ಲ ಎಕ್ಕುಟ್ಟೋಯ್ತದೆ."

ರಷ್ಯಾದವನು ಆ ಹೊತ್ತಿಗೆ ಏನು ಮಾಡುತ್ತಿದ್ದನೋ ನನಗೆ ತಿಳಿಯದು. ದೊಡ್ಡಪ್ಪನಂತೂ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಬದನವಾಳಿನ ಖಾದಿ ಟವಲು ಹೆಗಲಿಗೆ ಹಾಕಿಕೊಂಡು, ತಹಸೀಲ್ದಾರರ ಎದುರಿಗೆ ನಿಂತಷ್ಟೇ ಭಕ್ತಿಯಿಂದ ಡಬ್ಬಿಯ ಮುಂದೆ ನಿಲ್ಲುತ್ತಿದ್ದ. ಒಂದೇ ಒಂದು ಐಬು. ಮಳೆ ಬಂದ ದಿನ ಎಷ್ಟು ಮಿಲಿಮೀಟರು ಎಂದು ಬರೆಯುತ್ತಿದ್ದ, ಬಾರದ ದಿನ ಸೊನ್ನೆ ಬರೆಯುತ್ತಿರಲಿಲ್ಲ.

ನಮ್ಮ ಮನೆಯ ರೀತಿಯೇ ಹಾಗಿತ್ತು. ಅಕ್ಕಿ ಮುಗಿದರೆ "ಅಕ್ಕಿ ತರಬೇಕು" ಎನ್ನಬೇಕೇ ಹೊರತು "ಅಕ್ಕಿ ಇಲ್ಲ" ಎನ್ನುವಂತಿರಲಿಲ್ಲ. ಬೆಳಿಗ್ಗೆ ಎದ್ದವರ ಬಾಯಿಂದ ಇಲ್ಲ ಎಂಬ ಮಾತೇ ಹೊರಡಬಾರದು. ಹಾಗಿರುವಾಗ, ಪೂಜೆ ಮುಗಿಸಿದ ಕೈಯಲ್ಲಿ ಮಳೆ ಇಲ್ಲ ಎಂದು ಬರೆದು ಸಹಿ ಹಾಕುವುದೆಂದರೇನು? ಮಳೆರಾಯ ಮುನಿಸಿಕೊಳ್ಳುವುದಿಲ್ಲವೇ? ಹಾಗೆಂದು ಸಾಲು ಬರಿದಾಗಿ ಬಿಡುವುದಕ್ಕೂ ಮನಸ್ಸಿಲ್ಲ. ಅದಕ್ಕೆ ದೊಡ್ಡಪ್ಪ ಒಂದು ಉಪಾಯ ಕಂಡುಕೊಂಡಿದ್ದ. ಡಬ್ಬಿ ನೋಡಿ ಬಂದವನು, ಬೆರಳಿನಲ್ಲಿ ಉಳಿದಿದ್ದ ವಿಭೂತಿಯನ್ನು ಆ ದಿನದ ಖಾಲಿ ಸಾಲಿನ ಮೇಲೆ ಎಳೆಯುತ್ತಿದ್ದ. ತಿಂಗಳ ಕೊನೆಗೆ ಅಂಕಿಗಳನ್ನು ಮಾತ್ರ ಒಂದು ಕಾರ್ಡಿನ ಮೇಲೆ ಇಳಿಸಿ ಆಫೀಸಿಗೆ ಕಳಿಸುತ್ತಿದ್ದ. ಕಾರ್ಡಿಗೆ ಬೂದಿ ಹಚ್ಚಿದರೆ ಪೋಸ್ಟಿನವನು ಬೈಯುತ್ತಾನೆ.

ಇನ್ನು ನನ್ನ ಕಥೆ. ಆಗ ನಾನು ನಂಜನಗೂಡಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ದೊಡ್ಡಪ್ಪನ ಮನೆಯಲ್ಲೇ ಊಟ, ವಾಸ, ಗತ್ತು. ಒಮ್ಮೆ ಅವನು ಕಣ್ಣಿನ ಪೊರೆ ತೆಗೆಸಿಕೊಂಡು, ಸುಧಾರಿಸಿಕೊಳ್ಳಲು ಟಿ. ನರಸೀಪುರದ ಮಗಳ ಮನೆಯಲ್ಲಿ ಒಂಬತ್ತು ದಿನ ಉಳಿದ. ಹೊರಡುವಾಗ ಪುಸ್ತಕವನ್ನು ನನ್ನ ಕೈಗಿತ್ತು, "ಎಂಟೂವರೆ, ಮರೀಬ್ಯಾಡ," ಎಂದ. ನಾನು ಮರೆಯಲಿಲ್ಲ. ಎಂಟೂಕಾಲಿಗೆ ನನ್ನ ಬಸ್ಸು ಹೊರಡುತ್ತಿತ್ತು ಎನ್ನುವುದು ಒಂದು ನೆಪ. ಆಕಾಶ ತೊಳೆದಿಟ್ಟ ಹಾಗಿದೆ, ಡಬ್ಬಿಯನ್ನು ಬೇರೆ ಬಗ್ಗಿ ನೋಡಬೇಕೇ ಎನ್ನುವುದು ನಿಜವಾದ ಕಾರಣ. ಒಂಬತ್ತು ದಿನವೂ ಹಿತ್ತಿಲ ಕಡೆ ತಲೆ ಹಾಕಲಿಲ್ಲ.

ಕಣ್ಣಿಗೆ ಹಸಿರು ಬಟ್ಟೆ ಇಳಿಬಿಟ್ಟುಕೊಂಡು ದೊಡ್ಡಪ್ಪ ವಾಪಸ್ಸು ಬಂದ.

"ದಿನಾ ನೋಡ್ದೇನ್ಲಾ?"

"ದಿನಾ ನೋಡ್ದೆ ದೊಡ್ಡಪ್ಪ. ಒಂದು ಹನಿಯೂ ಇರ್ಲಿಲ್ಲ."

ಅವನು ಹಿತ್ತಿಲಿಗೆ ಹೋಗಿ ಡಬ್ಬಿ ಬಿಚ್ಚಿದ. ನಾನೂ ಹಿಂದೆಯೇ ಹೋದೆ. ತಳದಲ್ಲಿ ನೀರಿತ್ತು, ಅದರಲ್ಲಿ ಒಂದು ಇರುವೆ ಸತ್ತು ತೇಲುತ್ತಿತ್ತು. ನಾನು ಗೊರಕೆ ಹೊಡೆಯುತ್ತಿದ್ದಾಗ ಯಾವುದೋ ರಾತ್ರಿ ಹನಿದಿರಬೇಕು. ದೊಡ್ಡಪ್ಪ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಯಾವತ್ತಿಂದು ಅಂತ ಬರ್ಕಳ್ಳಿ?" ಎಂದಷ್ಟೇ ಹೇಳಿ ನೀರನ್ನು ಮಲ್ಲಿಗೆ ಬುಡಕ್ಕೆ ಸುರಿದ. ಪುಸ್ತಕದಲ್ಲಿ ಒಂಬತ್ತು ಸಾಲು ಹಾಗೇ ಉಳಿದವು. ಅಂಕಿಯೂ ಇಲ್ಲ, ಬೂದಿಯೂ ಇಲ್ಲ.

ಅದಾದ ಎರಡು ವರ್ಷಕ್ಕೆ ಜರ್ಮನಿಯಿಂದ ಯೂರ್ಗನ್ ಎಂಬ ಉದ್ದನೆಯ ವಿಜ್ಞಾನಿ, ಅವನ ಜೊತೆ ಈ ದೇಶದ ಕಡೆಯಿಂದ ಒಬ್ಬರು ಬಂಗಾಳಿ ಮೇಡಂ, ಜೀಪಿನಲ್ಲಿ ಬಂದಿಳಿದರು. ಮೇಡಂಗೆ ಕನ್ನಡ ಬರದು, ದೊಡ್ಡಪ್ಪನಿಗೆ ಇಂಗ್ಲಿಷ್ ಬರದು. ಎರಡೂ ಬರುತ್ತವೆ ಎಂದು ಊರೆಲ್ಲ ನಂಬಿದ್ದ ನಾನು ಮಧ್ಯೆ ಕುಳಿತೆ. ಯೂರ್ಗನ್ ಮೊದಲು ಟೇಪು ಹಿಡಿದು ಡಬ್ಬಿಗೂ ಮಲ್ಲಿಗೆಗೂ ಎಷ್ಟು ದೂರ ಎಂದು ಅಳೆದ. ಗಿಡ ತೀರಾ ಹತ್ತಿರವಾಯಿತಂತೆ.

"ನನ್ ಮಲ್ಲಿಗೆ ಕೀಳ್ಸಾಕೆ ಅಷ್ಟು ದೂರದಿಂದ ಇಮಾನ ಅತ್ಕಂಡು ಬಂದ್ನಾ ಈವಯ್ಯ?" ಎಂದಳು ದೊಡ್ಡವ್ವ. ಗಿಡ ನಿಮ್ಮ ಆರೈಕೆಯಿಂದ ಸೊಂಪಾಗಿದೆ ಎನ್ನುತ್ತಿದ್ದಾರೆ ಎಂದು ನಾನು ಅನುವಾದಿಸಿದೆ. ದೇಶ ದೇಶಗಳ ಸ್ನೇಹ ಉಳಿಯುವುದು ಇಂಥ ಅನುವಾದಕರಿಂದಲೇ.

ಆದರೆ ಅವರು ಬಂದಿದ್ದು ಬೇರೆ ಕೆಲಸಕ್ಕೆ. ಯೂರ್ಗನ್‌ಗೆ ಮಳೆ ಬಂದ ದಿನಕ್ಕಿಂತ ಬಾರದ ದಿನಗಳ ಲೆಕ್ಕ ಹೆಚ್ಚು ಬೇಕಾಗಿತ್ತು. ನಮ್ಮೂರಿನ ಕಾರ್ಡುಗಳಲ್ಲಿ ಸೊನ್ನೆಯೇ ಇಲ್ಲದ್ದರಿಂದ, ಇಲ್ಲಿನ ವೀಕ್ಷಕ ವರ್ಷದಲ್ಲಿ ಮುಕ್ಕಾಲು ಪಾಲು ದಿನ ಡಬ್ಬಿಯ ಹತ್ತಿರವೇ ಸುಳಿಯುವುದಿಲ್ಲ ಎಂದು ಅವರು ತಿಳಿದಿದ್ದರು. ಇಂಥ ಲೆಕ್ಕವನ್ನು ಪಟ್ಟಿಯಿಂದ ತೆಗೆದುಹಾಕುವುದೇ ಸರಿ ಎಂದು ತೀರ್ಮಾನಿಸಿ, ಕೊನೆಯದಾಗಿ ಒಮ್ಮೆ ನೋಡಿ ಹೋಗಲು ಬಂದಿದ್ದರು. ನಾನು ಅದನ್ನು ಮೆತ್ತಗೆ ಹೇಳಿದೆ. ದೊಡ್ಡಪ್ಪನ ಮುಖ ಕೆಂಪಾಯಿತು.

"ನಾನು ಬರ್ಲಿಲ್ವಾ? ಜ್ವರ ಬಂದಾಗ್ಲೂ ಗೋಡೆ ಇಡ್ಕಂಡು ಓಗಿವ್ನಿ. ನನ್ನೇ ಗೈರು ಅಂತಾನಾ?"

ಒಳಗಿನಿಂದ ಪುಸ್ತಕಗಳ ಕಟ್ಟನ್ನೇ ತಂದು ಅವರ ಮುಂದೆ ಕುಕ್ಕಿದ. ಯೂರ್ಗನ್ ಪುಟ ತಿರುವಿದ. ಇದೇನು, ಬೂಷ್ಟೇ ಎಂದು ಕೇಳಿದ. ನಾನು ವಿಭೂತಿಯ ವಿಚಾರವನ್ನು ನನಗೆ ತಿಳಿದ ಇಂಗ್ಲಿಷಿನಲ್ಲಿ ವಿವರಿಸಿದೆ. ಅದು ಶವದ ಬೂದಿ ಎಂದು ಮೇಡಂ ತಪ್ಪು ತಿಳಿಯದಂತೆ ನೋಡಿಕೊಳ್ಳಲು ಸ್ವಲ್ಪ ಹೆಣಗಬೇಕಾಯಿತು. ಯೂರ್ಗನ್ ಒಂದೊಂದೇ ಸಾಲಿನ ಮೇಲೆ ಬೆರಳಾಡಿಸುತ್ತಾ ಹೋದ. ಬೂದಿ, ಬೂದಿ, ಹನ್ನೆರಡು ಮಿಲಿಮೀಟರು, ಬೂದಿ. ಆಮೇಲೆ ಎದ್ದು ನಿಂತು ದೊಡ್ಡಪ್ಪನಿಗೆ ಕೈ ಮುಗಿದ. ಪ್ರತಿ ಬೂದಿ ಸಾಲೂ ಸೊನ್ನೆ ಎಂದು ದಾಖಲಾಗುತ್ತದೆ, ಡಬ್ಬಿ ಪಟ್ಟಿಯಲ್ಲಿ ಉಳಿಯುತ್ತದೆ ಎಂದ.

"ಅವ್ನ್ ಪುಸ್ತಕದಲ್ಲಿ ಅವ್ನು ಏನ್ ಬೇಕಾರ ಬರ್ಕಳ್ಲಿ," ಎಂದ ದೊಡ್ಡಪ್ಪ. "ನಂದ್ರಲ್ಲಿ ಸೊನ್ನೆ ಬರಿಯಾಕಿಲ್ಲ."

ಅಲ್ಲಿಗೆ ಎದ್ದಿದ್ದರೆ ಎಲ್ಲರಿಗೂ ಸುಖವಾಗುತ್ತಿತ್ತು. ಯೂರ್ಗನ್ ಇನ್ನೊಂದು ಪುಟ ತಿರುವಿದ. ಈ ಒಂಬತ್ತು ಸಾಲಿನಲ್ಲಿ ಬೂದಿಯೂ ಇಲ್ಲವಲ್ಲ, ಆಗ ಮಾಪಕದ ಜವಾಬ್ದಾರಿ ಯಾರದಿತ್ತು ಎಂದು ಕೇಳಿದ. ಪ್ರಶ್ನೆಯನ್ನು ತಿರುಚಿ ಹೇಳಬಹುದಿತ್ತು, ಮಲ್ಲಿಗೆಯ ವಿಷಯದಲ್ಲಿ ಆಗಲೇ ಅಭ್ಯಾಸವೂ ಆಗಿತ್ತು. ಆದರೆ ದೊಡ್ಡಪ್ಪ ಪುಟವನ್ನು ನೋಡಿಬಿಟ್ಟಿದ್ದ. ನನ್ನ ಮುಖವನ್ನೂ ನೋಡಿದ.

"ಗೈರು ನಂದೇ ಅಂತ ಏಳ್ಲಾ. ಡಬ್ಬಿ ನನ್ನೆಸ್ರಲ್ಲೈತೆ."

ನಾನು ಹೇಳಿದೆ. ಒಂದು ಪದವೂ ತಪ್ಪದಂತೆ, ಅಷ್ಟು ಚೊಕ್ಕವಾದ ಇಂಗ್ಲಿಷನ್ನು ನಾನು ಪಾಠ ಮಾಡುವಾಗಲೂ ಆಡಿರಲಿಲ್ಲ. ಮೇಡಂ ಅದನ್ನು ಬರೆದುಕೊಂಡರು. ಜೀಪು ಹೋದ ಮೇಲೆ ದೊಡ್ಡಪ್ಪ ನಂಜನಗೂಡು ರಸಬಾಳೆಯ ಹಣ್ಣು ಸುಲಿದು ಅರ್ಧ ನನಗೆ ಕೊಟ್ಟ. ಆ ವಿಷಯ ಸಾಯುವವರೆಗೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ, ನನಗೆ ಧೈರ್ಯವಿರಲಿಲ್ಲ.

ಅವನು ಹೋದ ಮೇಲೆ ಡಬ್ಬಿಯನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ. ಮೊದಮೊದಲು ನಾಚಿಕೆಗೆ ನೋಡುತ್ತಿದ್ದೆ, ಈಗ ನೋಡದಿದ್ದರೆ ಕಾಫಿ ಇಳಿಯುವುದಿಲ್ಲ.

ಇವತ್ತು ಫೋನಿನ ಗಾಜನ್ನು ಪಂಚೆಯ ತುದಿಯಲ್ಲಿ ಒರೆಸಿ, ಒಪ್ಪಿಗೆ ಒತ್ತದೆ, ತಿದ್ದುಪಡಿ ಎಂಬಲ್ಲಿ ಬರೆದೆ: ಗೈರಾದವರು ವೀಕ್ಷಕರಲ್ಲ, ಅವರ ತಮ್ಮನ ಮಗ. ಆತ ಸುಳ್ಳನ್ನೂ ಹೇಳಿದ್ದ. ಈ ಪತ್ರ ಬರೆಯುತ್ತಿರುವವನು ಆತನೇ. ಕಳಿಸಿ, ಅಟ್ಟದಿಂದ ಆ ಹಳೆಯ ಪುಸ್ತಕ ಇಳಿಸಿದೆ. ಒಂಬತ್ತು ಸಾಲು ಇನ್ನೂ ಬರಿದಾಗಿದ್ದವು. ಒಂದೊಂದರ ಮೇಲೂ ನನ್ನ ಹೆಸರು ಬರೆದೆ. ಬೆರಳಿನಲ್ಲಿ ವಿಭೂತಿ ಇತ್ತು, ಹಚ್ಚಲಿಲ್ಲ. ಅದು ನೋಡಿದವರದು.

ಗಂಟೆ ಎಂಟೂವರೆ ಆಗಿತ್ತು. ಹಿತ್ತಿಲಿಗೆ ಹೋದೆ.