ಪುಟ್ಟಮಾದಮ್ಮನವರ ಬೆಟ್ಟ

ಕೊರೊನಾ ಕಳೆದು ವಿದೇಶ ಪ್ರವಾಸಗಳು ಮತ್ತೆ ಶುರುವಾದ ಎರಡನೆಯ ವರ್ಷ. ನಾನಾಗ ಮೈಸೂರಿನ ಒಂದು ಪ್ರವಾಸ ಸಂಸ್ಥೆಯಲ್ಲಿ ಸೀನಿಯರ್ ಟೂರ್ ಮ್ಯಾನೇಜರ್. ಹೆಸರು ದೊಡ್ಡದು, ಕೆಲಸ ಕುರಿ ಕಾಯುವುದು. ಜನರನ್ನು ಬಸ್ಸಿಗೆ ಹತ್ತಿಸಬೇಕು, ಇಳಿಸಬೇಕು, ಮತ್ತೆ ತಲೆ ಎಣಿಸಬೇಕು. ಹೆಡ್ ಕೌಂಟ್ ಎನ್ನುವ ಈ ಎಣಿಕೆ ಸರಿಹೋದರೆ ಆ ದಿನ ಗೆದ್ದಂತೆ. ಪಾಸ್‌ಪೋರ್ಟ್ ಕಳೆದುಕೊಂಡವರು, ಹೋಟೆಲ್ ರೂಮಿನಲ್ಲಿ ಒಗ್ಗರಣೆ ಹಾಕಿ ಫೈರ್ ಅಲಾರಂ ಕೂಗಿಸಿದವರು, ಎಲ್ಲರನ್ನೂ ಕಂಡಿದ್ದೇನೆ. ಅವೆಲ್ಲ ಈಗ ಹೇಳಿಕೊಂಡು ನಗುವ ಕಥೆಗಳು. ಇದೊಂದು ಹಾಗಲ್ಲ.

ನನ್ನ ಊರು ಹನೂರಿನಿಂದ ಮಾದಪ್ಪನ ಬೆಟ್ಟಕ್ಕೆ ಹೋಗುವ ದಾರಿಯಲ್ಲಿರುವ ಕೌದಳ್ಳಿ. ಬೆಟ್ಟಕ್ಕೆ ಬರಿಗಾಲಲ್ಲಿ ನಡೆದು ಹೋಗುವವರಿಗೆ ನೀರುಮಜ್ಜಿಗೆ ಕೊಡುತ್ತಲೇ ಬೆಳೆದವನು ನಾನು. ನಮ್ಮ ಕಡೆಯವನು ಎಂಬ ಕಾರಣಕ್ಕೇ ಕೊಳ್ಳೇಗಾಲದ ಹಾರ್ಡ್‌ವೇರ್ ವ್ಯಾಪಾರಿ ನಂಜುಂಡಸ್ವಾಮಿ ನನ್ನನ್ನು ಹುಡುಕಿಕೊಂಡು ಬಂದರು. ತಾವು, ಹೆಂಡತಿ ಸೌಮ್ಯ, ಎಂಟು ವರ್ಷದ ಮಗಳು, ಜೊತೆಗೆ ತಾಯಿ ಪುಟ್ಟಮಾದಮ್ಮ. ಜಪಾನ್ ನೋಡಬೇಕು, ಹಿಮ ನೋಡಬೇಕು, ಮಗು ಆಡುವಂಥ ಜಾಗ ಬೇಕು, ಅವ್ವನ ಮಂಡಿನೋವಿಗೆ ಬಿಸಿನೀರು ಬೇಕು. ಹಾಗಾದರೆ ಆನ್ಸೆನ್ ಇರುವ ಕಡೆಗೇ ಹೋಗೋಣ ಎಂದೆ. ಭೂಮಿಯೊಳಗಿಂದ ತಾನಾಗಿ ಉಕ್ಕುವ ಬಿಸಿನೀರಿಗೆ ಅಲ್ಲಿ ಆನ್ಸೆನ್ ಎನ್ನುತ್ತಾರೆ. ಅದರ ಪಕ್ಕದಲ್ಲಿ ಕುಟುಂಬಸಮೇತ ತಂಗುವ ಹಳೆಯ ಪದ್ಧತಿಯ ಛತ್ರಗಳಿರುತ್ತವೆ.

ಹೊರಡುವ ದಿನ ಅವರ ಮನೆಗೆ ಹೋದಾಗ ಪುಟ್ಟಮಾದಮ್ಮ ಹೊಸಿಲು ದಾಟಲು ಒಪ್ಪದೆ ಬಾಗಿಲಲ್ಲೇ ನಿಂತಿದ್ದರು. ಎಪ್ಪತ್ತೈದು ದಾಟಿದ ಜೀವ. ತವರು ಧನಗೆರೆ. ಮರೆವಿನ ಕಾಯಿಲೆ ಶುರುವಾಗಿತ್ತು. ಮಧ್ಯಾಹ್ನ ಉಂಡದ್ದು ಸಂಜೆಗೆ ನೆನಪಿರುತ್ತಿರಲಿಲ್ಲ. ಆದರೆ ಒಂದು ಮಾತ್ರ ಮರೆತಿರಲಿಲ್ಲ. ನಂಜುಂಡಸ್ವಾಮಿ ಮಗುವಾಗಿದ್ದಾಗ ಮಿದುಳು ಜ್ವರ ಬಂದು ವೈದ್ಯರು ಕೈಬಿಟ್ಟಿದ್ದರಂತೆ. ಮಗ ಉಳಿದರೆ ಒದ್ದೆ ಸೀರೆಯಲ್ಲಿ, ಬರಿಗಾಲಲ್ಲಿ ಬೆಟ್ಟ ಹತ್ತಿ ಬರುತ್ತೇನೆ ಎಂದು ಈಕೆ ಮಾದಪ್ಪನಿಗೆ ಹರಕೆ ಹೊತ್ತಿದ್ದರು. ಮಗ ಉಳಿದ. ಆಮೇಲೆ ಒಂದು ವರ್ಷ ಗಂಡನ ಕಾಯಿಲೆ, ಒಂದು ವರ್ಷ ಮನೆ ಕಟ್ಟುವುದು, ಇನ್ನೊಂದು ವರ್ಷ ಅಂಗಡಿ. ಹರಕೆ ಮಾತ್ರ ಉಳಿದೇ ಹೋಯಿತು. ಮಗ ಕಾರಿನಲ್ಲಿ ಕರೆದೊಯ್ಯಲು ಎಷ್ಟೋ ಸಲ ಹೊರಟಿದ್ದರು. ಈಕೆ ಹತ್ತಿದ್ದರೆ ತಾನೆ.

"ಕಾರಲ್ಲಿ ಓದ್ರೆ ಓದಂಗಾ? ನಡೀತೀನಿ ಅಂತ ಮಾತು ಕೊಟ್ಟಿವ್ನಿ" ಎನ್ನುತ್ತಿದ್ದರಂತೆ.

ಆವತ್ತು ಬಾಗಿಲಲ್ಲಿ ನಿಂತು ಮಗನನ್ನು ಕೇಳಿದರು. "ಎಲ್ಲಿಗ್ಲಾ ಓಯ್ತಿರದು? ಬೆಟ್ಟಕ್ಕಾ?"

ವಿಮಾನಕ್ಕೆ ಹೊತ್ತಾಗುತ್ತಿತ್ತು. "ಊಂ ಕಣವ್ವ, ಬೆಟ್ಟಕ್ಕೆಯ. ಬಾ, ಕಾರಲ್ಲಿ ಒಸಿ ದೂರ, ಆಮೇಕೆ ನಡ್ಯದು" ಎಂದರು ನಂಜುಂಡಸ್ವಾಮಿ.

ಆ ಮುಖ ಅರಳಿದ್ದನ್ನು ನೋಡಬೇಕಿತ್ತು. ಸೆರಗು ಬಿಗಿದುಕೊಂಡು ಕಾರಿನಲ್ಲಿ ಎಲ್ಲರಿಗಿಂತ ಮೊದಲು ಕೂತರು. ನಂಜುಂಡಸ್ವಾಮಿ ನನ್ನತ್ತ ಕಣ್ಣು ಮಿಟುಕಿಸಿದರು, ನಾನೂ ನಕ್ಕೆ. ವಯಸ್ಸಾದವರನ್ನು ಮನೆಯಿಂದ ಹೊರಡಿಸಲು ಇಂಥ ಸುಳ್ಳುಗಳನ್ನು ಎಲ್ಲ ಮನೆಯಲ್ಲೂ ಹೇಳುತ್ತಾರೆ.

ಜಪಾನಿನ ಆ ಛತ್ರ ನಿಜಕ್ಕೂ ಚೆಂದವಿತ್ತು. ಕೋಣೆಯ ತುಂಬ ಚಾಪೆ, ಮಕ್ಕಳ ಅಳತೆಯ ನಿಲುವಂಗಿಗಳು, ಮಗುವಿಗೆಂದು ಪುಟ್ಟ ತಟ್ಟೆಯಲ್ಲಿ ಬೇರೆ ಊಟ. ಕಿಟಕಿ ಸರಿಸಿದರೆ ಎದುರಿಗೇ ಸಾಲುಬೆಟ್ಟ, ಬುಡದಿಂದ ತುದಿಯವರೆಗೆ ಬೆಳ್ಳಗೆ. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬರಬೇಕು ಎಂದು ಛತ್ರದ ಒಡತಿ ಕೈಸನ್ನೆಯಲ್ಲಿ ತೋರಿಸಿದಾಗ ಪುಟ್ಟಮಾದಮ್ಮ ಥಟ್ಟನೆ ಬಗ್ಗಿ ಹೊಸಿಲು ಮುಟ್ಟಿ ಕಣ್ಣಿಗೊತ್ತಿಕೊಂಡರು.

"ಬಂದ್ಬುಟ್ವಲ್ಲ ಮೊಗ. ಅಗಾ ನೋಡು, ಬೆಟ್ಟ ಕಾಣ್ತಾ ಅದ" ಎಂದರು ನನಗೆ.

ನಾವೆಲ್ಲ ನಕ್ಕೆವು. ಒಡತಿಗೆ ಮಾತು ತಿಳಿಯದಿದ್ದರೂ ಆಕೆಯೂ ನಕ್ಕಳು.

ಅಲ್ಲಿ ಎಲ್ಲರೂ ಸೇರಿ ಮೀಯುವ ಕೊಳಕ್ಕೆ ಬರಿಮೈಯಲ್ಲೇ ಇಳಿಯಬೇಕು. ಕೊರಳಲ್ಲಿ ಲಿಂಗ ಧರಿಸಿದ ಪುಟ್ಟಮಾದಮ್ಮನಿಗೆ ಅದು ಆಗದ ಮಾತು. ಹಾಗಾಗಿ ಒಂದು ಕುಟುಂಬಕ್ಕೆಂದೇ ಇರುವ ಸಣ್ಣ ಕೊಳ ಕೇಳಿದೆ. ಸೀರೆ ಉಟ್ಟೇ ಇಳಿಯಲು ಒಡತಿ ಒಪ್ಪಿದಳು. ಅದು ಬಯಲಲ್ಲಿತ್ತು. ಸುತ್ತ ಬಿದಿರಿನ ತಡಿಕೆ, ತಡಿಕೆಗೊಂದು ಸಣ್ಣ ಬಾಗಿಲು, ಎದುರಿಗೆ ಬೆಟ್ಟ. ಮೊದಲ ದಿನ ನೀರು ಕಂಡೇ ಹೆದರಿ ಈಕೆ ಹಿಂದೆ ಸರಿದರು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ, ಬಿಡಿ ಎಂದೆ ನಾನು ಸೌಮ್ಯ ಅವರಿಗೆ. ಮರುದಿನ ಬೆಳಿಗ್ಗೆ ತಾವಾಗಿಯೇ ಹೊರಟರು.

ನೀರಿನಲ್ಲಿ ಮೂರು ಸಲ ಮುಳುಗಿ ಎದ್ದರಂತೆ. "ಈ ಸಲ ಅಂತರಗಂಗೆ ಎಸ್ಟು ಬಿಸಿಯಾಗಿ ಅದ" ಎಂದರಂತೆ. ಬೆಟ್ಟದ ಮೇಲಿರುವ ಅಂತರಗಂಗೆಯ ಕೊಳದಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲೇ ಮಾದಪ್ಪನ ಮುಂದೆ ನಿಲ್ಲುವುದು ನಮ್ಮವರ ರೂಢಿ. ಇದೆಲ್ಲ ಸೌಮ್ಯ ಆಮೇಲೆ ಅಳುತ್ತ ಹೇಳಿದ್ದು. ಮಗುವಿಗೆ ಚಳಿ ಹತ್ತುತ್ತದೆಂದು ಬಟ್ಟೆ ತೊಡಿಸಲು ಒಳಗೆ ಕರೆದೊಯ್ದು, ಅತ್ತೆಗೆ ಒಣಸೀರೆ ಹಿಡಿದು ವಾಪಸು ಬರುವಷ್ಟರಲ್ಲಿ ಕೊಳ ಖಾಲಿ. ತಡಿಕೆಯ ಬಾಗಿಲು ತೆರೆದಿತ್ತು. ಹಿಮದ ಮೇಲೆ ಬರಿಗಾಲಿನ ಹೆಜ್ಜೆ.

ಹೆಜ್ಜೆ ಹಿಡಿದು ನಾನೂ ನಂಜುಂಡಸ್ವಾಮಿಯೂ ಓಡಿದೆವು. ಹಿಮ ಗೋರಿ ಹಸನು ಮಾಡಿದ ರಸ್ತೆ ಬಂದ ಕಡೆ ಹೆಜ್ಜೆ ಮಾಯವಾಯಿತು. ಕೆಳಗೆ ಹೋದರೆ ಊರು, ಮೇಲೆ ಹೋದರೆ ಕಾಡು.

"ಮೇಲಕ್ಕೆ ಹೋಗೋಣ ಸ್ವಾಮಿ. ಅವರು ಬೆಟ್ಟಕ್ಕೆ ಹೊರಟಿದ್ದಾರೆ" ಎಂದೆ.

"ಮಂಡಿನೋವು ರಾಜಣ್ಣ ಅವ್ವಂಗೆ. ಮನೇಲಿ ಮೆಟ್ಲು ಅತ್ತಕ್ಕಾಗಲ್ಲ, ಬೆಟ್ಟ ಅತ್ತದಾ? ಕೆಳಗೇ ಓಗಿರದು" ಎಂದರು.

ಮಗನ ಮಾತು. ನಾನೂ ಅವರ ಹಿಂದೆ ಇಳಿದೆ. ಕೆಳಗಿನ ಊರಿನ ಬೀದಿಬೀದಿ ಸುತ್ತಿದೆವು. ಅಂಗಡಿಯವರಿಗೆ ಫೋನಿನಲ್ಲಿ ಫೋಟೊ ತೋರಿಸಿದೆವು. ಎಲ್ಲರೂ ತಲೆಯಾಡಿಸಿದರು. ಆ ಹೊತ್ತೆಲ್ಲ ಪುಟ್ಟಮಾದಮ್ಮ ಒದ್ದೆ ಸೀರೆಯಲ್ಲಿ ಮೇಲೆ ನಡೆಯುತ್ತಲೇ ಇದ್ದರು.

ಕೊನೆಗೆ ಒಡತಿಯ ಗಂಡ ತನ್ನ ಗಾಡಿಯಲ್ಲಿ ನಮ್ಮನ್ನು ಮೇಲಕ್ಕೆ ಕರೆದೊಯ್ದ. ಮೂರನೆಯ ತಿರುವಿನಲ್ಲಿ, ಒಂದು ಮರಕ್ಕೆ ಒರಗಿ ಕೂತಿದ್ದರು. ಸೀರೆ ಹಪ್ಪಳದಂತೆ ಸೆಟೆದಿತ್ತು. ಕಾಲು ಸುಣ್ಣದ ಬಣ್ಣಕ್ಕೆ ತಿರುಗಿತ್ತು. ಕೈ ಮಾತ್ರ ಮುಗಿದೇ ಇತ್ತು.

"ಇನ್ನ ಎಸ್ಟ್ ದೂರ ಅದ ಮೊಗ?" ಎಂದು ನನ್ನನ್ನು ಕೇಳಿದರು. ತುಟಿ ಅಲ್ಲಾಡುತ್ತಿತ್ತು, ದನಿ ಇರಲಿಲ್ಲ.

ನಂಜುಂಡಸ್ವಾಮಿ ತಮ್ಮ ಕೋಟು ಹೊದಿಸಿ ಎತ್ತಿಕೊಂಡರು. ಆಗ ಎಲ್ಲಿತ್ತೋ ಶಕ್ತಿ, ಮಗನ ಎದೆಗೆ ಗುದ್ದತೊಡಗಿದರು. "ಇಳಿಸ್ಲಾ ನನ್ನ. ಎತ್ಕಂಡೋದ್ರೆ ಅರಕೆ ತೀರದಾ? ನಿನ್ ಜೀವದ ಅರಕೆ ಕಣ್ಲಾ ಅದು."

ಆ ಮನುಷ್ಯ ಅಳುತ್ತ, ಬಿಡದೆ, ಗಾಡಿಯವರೆಗೆ ಹೊತ್ತು ತಂದರು.

ಆಸ್ಪತ್ರೆಯಲ್ಲಿ ವೈದ್ಯರು ಫ್ರಾಸ್ಟ್‌ಬೈಟ್ ಎಂದರು. ವಿಪರೀತ ಚಳಿಗೆ ರಕ್ತ ಓಡುವುದು ನಿಂತು ಮಾಂಸ ಸಾಯುವುದು ಅದು. ಜೀವ ಉಳಿಯುತ್ತದೆ, ಕಾಲಿನ ಬಗ್ಗೆ ಈಗಲೇ ಹೇಳಲಾಗದು ಎಂದರು. ಸಕ್ಕರೆ ಕಾಯಿಲೆ ಬೇರೆ ಇತ್ತು. ಛತ್ರದ ಒಡತಿ ಆಸ್ಪತ್ರೆಗೇ ಬಂದು, ಬಾಗಿಲಿಗೆ ಅಗುಳಿ ಹಾಕದ್ದು ತನ್ನ ತಪ್ಪು ಎಂದು ನಂಜುಂಡಸ್ವಾಮಿಯ ಮುಂದೆ ಸೊಂಟ ಮುರಿಯುವಂತೆ ಬಗ್ಗಿದಳು. ಏಳಲೇ ಇಲ್ಲ. ಅವರು ಮುಖ ತಿರುಗಿಸಿಕೊಂಡು ಗೋಡೆ ಹಿಡಿದು ನಿಂತರು. "ಅವಳ್ ತಪ್ಪಲ್ಲ ಅಂತ ಏಳಿ ರಾಜಣ್ಣ. ಬಾಗ್ಲಲ್ಲಿ ನಿಂತು ಸುಳ್ಳು ಏಳ್ದೋನು ನಾನು" ಎಂದರು. ನಾನು ಫೋನಿನ ಅನುವಾದದಲ್ಲಿ, ನಿಮ್ಮ ತಪ್ಪಲ್ಲ ಎಂಬ ಅರ್ಧವನ್ನು ಮಾತ್ರ ಹೇಳಿದೆ.

ಮೈಸೂರಿಗೆ ಬಂದ ಮೇಲೆ ಬೆರಳುಗಳು ಕಪ್ಪಾದವು. ಎರಡೂ ಕಾಲಿನ ಬೆರಳು ತೆಗೆದರು. ಗಾಯ ಮಾಯಲಿಲ್ಲ. ಆಮೇಲೆ ಎರಡೂ ಕಡೆ ಅರ್ಧ ಪಾದವನ್ನೂ ತೆಗೆಯಬೇಕಾಯಿತು. ನಡೆದು ತೀರಿಸುವ ಹರಕೆ ಅಲ್ಲಿಗೆ ಮುಗಿಯಿತು. ಅದನ್ನು ಆಕೆಗೆ ತಿಳಿಸಿ ಹೇಳುವವರು ಯಾರು? ಹೇಳಿದರೂ ಸಂಜೆಗೆ ಮರೆತು, ಚಪ್ಪಲಿ ಬಿಟ್ಟು ಹೊರಡೋಣ ಎನ್ನುತ್ತಿದ್ದರು.

ನಾನು ಆ ವರ್ಷವೇ ಕೆಲಸ ಬಿಟ್ಟೆ. ಬಿಡುವ ಮೊದಲು ಹೊಸಬರಿಗೆ ಒಂದು ಮಾತು ಹೇಳಿಕೊಟ್ಟೆ. ಪ್ರಯಾಣಿಕ ಮಗುವಾಗಲಿ, ಮುದುಕರಾಗಲಿ, ಮರೆವಿನವರೇ ಆಗಲಿ, ಎಲ್ಲಿಗೆ ಕರೆದೊಯ್ಯುತ್ತಿದ್ದೇವೆ ಎಂಬುದನ್ನು ನಿಜವಾಗಿ ಹೇಳಬೇಕು. ಬರುವುದಿಲ್ಲ ಎಂದರೆ ಬಿಟ್ಟು ಹೋಗಬೇಕು. ಅವರು ನಂಬಿದ ಊರು ಒಂದು, ನಾವು ಇಳಿಸಿದ ಊರು ಇನ್ನೊಂದು ಆದರೆ, ಹೆಡ್ ಕೌಂಟ್ ಸರಿಯಿದ್ದೂ ಒಬ್ಬರು ಕಳೆದುಹೋಗಿರುತ್ತಾರೆ.

ಅವ್ವನ ಗಾಯ ಒಣಗಿದ ಮೇಲೆ ನಂಜುಂಡಸ್ವಾಮಿ ತಾವೇ ಕೊಳ್ಳೇಗಾಲದಿಂದ ಬರಿಗಾಲಲ್ಲಿ ಬೆಟ್ಟಕ್ಕೆ ನಡೆದರು. ಕೌದಳ್ಳಿಯಲ್ಲಿ ನಮ್ಮ ಮನೆಯ ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿದರು. ಅಂಗಾಲೆಲ್ಲ ಬೊಬ್ಬೆ. ಹಿಂದಿನಿಂದ ಕಾರಿನಲ್ಲಿ ಸೌಮ್ಯ ಅತ್ತೆಯನ್ನು ಕರೆತರುತ್ತಿದ್ದರು. ನಾನೂ ಹೊರಟೆ.

ಬೆಟ್ಟದಲ್ಲಿ ಗಾಲಿಕುರ್ಚಿ ತಳ್ಳಿಕೊಂಡು ಗುಡಿಯ ಮುಂದೆ ನಿಲ್ಲಿಸಿದೆವು. ಮಗ ಒದ್ದೆ ಪಂಚೆಯಲ್ಲಿ ಪಕ್ಕಕ್ಕೆ ಬಂದು ಮಂಡಿಯೂರಿದರು. ಸುತ್ತ ಜನ ಉಘೇ ಉಘೇ ಎನ್ನುತ್ತಿದ್ದರು. ಪುಟ್ಟಮಾದಮ್ಮ ಗೋಪುರ ನೋಡಿದರು, ಜನರನ್ನು ನೋಡಿದರು, ಕೈ ಮುಗಿಯಲಿಲ್ಲ.

"ಇದ್ಯಾರ್ ಗುಡಿಲಾ?"

"ಮಾದಪ್ಪನ್ದು ಕಣವ್ವ. ಬೆಟ್ಟಕ್ಕೆ ಬಂದಿವಿ. ನಿಜ್ವಾಗ್ಲೂ ಬೆಟ್ಟವೇ ಕಣವ್ವ."

ಆಕೆ ಬಗ್ಗಿ, ಬಟ್ಟೆ ಸುತ್ತಿದ ತಮ್ಮ ಮೊಂಡು ಪಾದಗಳನ್ನು ಒಂದು ಗಳಿಗೆ ನೋಡಿದರು. ಆಮೇಲೆ ಮಗನ ತಲೆ ಸವರಿದರು.

"ಇಲ್ಲ ಬುಡ್ಲಾ. ಬೆಟ್ಟ ಆಗಿದ್ರೆ ನಂಗೆ ಕಾಲು ನೋಯ್ಬೇಕಿತ್ತಲ್ಲ" ಎಂದರು.