ಮೊದಲ ಸಾಲು ಹಿಡಿದ ದಿನ

ನಾನು ಚಿಕ್ಕವಳಿದ್ದಾಗ ಹಂಗಳದ ಪಕ್ಕದ ನಮ್ಮ ಊರಿನಲ್ಲಿ ರಾಗಿ ಹೊಲದ ಕಳೆ ತೆಗೆಯಲು ಯಾರೂ ಕೂಲಿ ಕೊಡುತ್ತಿರಲಿಲ್ಲ. ಮುಯ್ಯಿ ಇತ್ತು. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಬೀದಿಯ ಹತ್ತು ಮನೆಯ ಹೆಂಗಸರು ಸೇರಿ ದಿನಕ್ಕೊಂದು ಹೊಲ ಮುಗಿಸುತ್ತಿದ್ದರು. ನಾಳೆ ಯಾರ ಹೊಲದ ಸರದಿಯೋ ಅವರು ಇವತ್ತು ಮೊದಲ ಸಾಲು ಹಿಡಿಯಬೇಕು. ಅವರು ಕೂತ ಮೇಲೆಯೇ ಉಳಿದವರು ಇಳಿಯಬೇಕು, ಅವರು ಹೋದ ಹಾಗೇ ಹೋಗಬೇಕು. ಹಿಂದೆ ಬೀಳುವುದು ಅವಮಾನ.

ಆ ದಿನ ದೊಡ್ಡವ್ವನ ಹೊಲ. ಮಾರನೆಯ ದಿನ ನಮ್ಮದು. ಬೆಳಿಗ್ಗೆ ಅವ್ವನಿಗೆ ಜ್ವರ, ಏಳಲು ಆಗಲಿಲ್ಲ. ಕುಡುಗೋಲನ್ನು ನನ್ನ ಕೈಗೆ ಕೊಟ್ಟು, "ನನ್ನ ಬದ್ಲು ನೀನೇ ಓಗಮ್ಮಿ," ಅಂದಳು. ನನಗೆ ಹನ್ನೊಂದೋ ಹನ್ನೆರಡೋ ವರ್ಷ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದೆ, ಕಳೆ ತೆಗೆಯುವುದು ಮಾತ್ರ ಚೆನ್ನಾಗಿ ಬರುತ್ತಿತ್ತು. ಅಷ್ಟು ಜನ ಹೆಂಗಸರ ಮುಂದೆ ಕೂರುವುದೆಂದರೆ ನನಗೆ ಹೆಮ್ಮೆಯೋ ಹೆಮ್ಮೆ.

ಹಿಂದಿನ ರಾತ್ರಿ ಮಳೆ ಬಿದ್ದು ಮಣ್ಣು ಮೆತ್ತಗಿತ್ತು. ಕುಡುಗೋಲು ತಾಗಿದರೆ ಸಾಕು, ಕಳೆ ಬೇರು ಸಮೇತ ಬರುತ್ತಿತ್ತು. ನಾನು ಕುಕ್ಕರುಗಾಲಿನಲ್ಲಿ ಕೂತು ಸರಸರ ಮುಂದಕ್ಕೆ ಹೋದೆ. ಅವ್ವ ಮೊದಲ ಸಾಲು ಹಿಡಿದಾಗೆಲ್ಲ ನಾಲ್ಕು ಮಾರು ಹೋದರೆ ಸಾಕು, ಎಲೆ ಅಡಿಕೆಯ ಸಂಚಿ ಬಿಚ್ಚಿ ಎಲೆಗೆ ಸುಣ್ಣ ಹಚ್ಚುತ್ತಾ ಕೂತುಬಿಡುತ್ತಿದ್ದಳು. ಅದನ್ನು ನಾನು ಸೋಮಾರಿತನ ಅಂದುಕೊಂಡಿದ್ದೆ. ನಾನು ಒಂದು ಸಲವೂ ನಿಲ್ಲಲಿಲ್ಲ.

"ಏನಮ್ಮಿ, ನಿನ್ನ ಆನೆ ಗೀನೆ ಅಟ್ಟುಸ್ಕಂಡ್ ಬತ್ತಾ ಅದಾ?" ಅಂತ ಒಬ್ಬಳು ಹಿಂದಿನಿಂದ ಕೂಗಿದಳು. ಎಲ್ಲರೂ ನಕ್ಕರು. ಅದು ಹೊಗಳಿಕೆ ಅಂದುಕೊಂಡು ಇನ್ನೂ ಜೋರು ಮಾಡಿದೆ.

ಕೊನೆಯ ಸಾಲಿನಲ್ಲಿ ಅಜ್ಜಿ ಇದ್ದಳು. ನಮಗೆ ನೆಂಟಳಲ್ಲ, ಬೀದಿಗೆಲ್ಲ ಅಜ್ಜಿ. ಕಣ್ಣು ಮಬ್ಬು. ರಾಗಿ ಪೈರಿನ ಹಾಗೇ ಕಾಣುವ ಒಂದು ಹುಲ್ಲಿದೆ, ಬುಡ ಮುಟ್ಟಿ ನೋಡಿದರೇ ಗೊತ್ತಾಗುವುದು. ಅಜ್ಜಿ ಯಾವಾಗಲೂ ಬೆರಳಲ್ಲಿ ಮುಟ್ಟಿ ಮುಟ್ಟಿ ಕೀಳುತ್ತಿದ್ದಳು. ಆ ದಿನ ಮುಟ್ಟಿ ನೋಡಲು ಹೊತ್ತೆಲ್ಲಿತ್ತು? ಹಿಂದೆ ಬೀಳಬಾರದೆಂದು ಸಿಕ್ಕಿದ್ದನ್ನೆಲ್ಲ ಕಿತ್ತಳು.

ಮಧ್ಯಾಹ್ನ ಊಟಕ್ಕೆ ಕೂತಾಗ ದೊಡ್ಡವ್ವ ಬದುವಿನ ಮೇಲಿದ್ದ ಅಜ್ಜಿಯ ಕಳೆ ಗುಡ್ಡೆ ಕೆದಕಿ ನೋಡಿದಳು. ಅರ್ಧಕ್ಕರ್ಧ ರಾಗಿ ಪೈರು.

"ಕಣ್ ಕಾಣ್ದಿದ್ಮೇಲೆ ಮನೇಲಿ ಬಿದ್ದಿರ್ಬೇಕು ಕಣಮ್ಮಾ. ಒಂದ್ ಮೂಟೆ ರಾಗಿ ತಗ್ದಾಕ್ಬುಟ್ಟಲ್ಲ."

"ತಪ್ಪಾಯ್ತು ಕಣವ್ವ," ಅಂದಳು ಅಜ್ಜಿ. ಮುದ್ದೆ ಮುಟ್ಟದೆ ಎದ್ದು ಹೊರಟುಹೋದಳು.

ತಪ್ಪು ಯಾರದು ಅಂತ ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ. ಹೆದರಿಕೆಯಾಯಿತು ಅಂತ ಈಗ ಸಬೂಬು ಹೇಳುವುದಿಲ್ಲ. ಬೈಗುಳ ನನಗೆ ಬೀಳಲಿಲ್ಲವಲ್ಲ ಅಂತ ಸಮಾಧಾನವಾಗಿತ್ತು, ಅಷ್ಟೇ.

ಸಂಜೆ ಅವ್ವನಿಗೆ ಹೇಳಿದೆ. ಅವಳು ಕಂಬಳಿಯೊಳಗಿಂದಲೇ ಕೇಳಿದಳು, "ನಡುನಡುವೆ ಎಲೆ ಅಡಿಕೆಗೆ ನಿಂತ್ಕಂಡ್ಯಾ?"

"ನಾನೆಲ್ಲಿ ಎಲೆ ಅಡಿಕೆ ತಿಂದೀನವ್ವ?"

"ನಾನೆಲ್ಲಿ ತಿಂದೀನಿ? ಮನೇಲಿ ಒಂದಿನಾರ ತಿಂದಿದ್ದು ನೋಡಿದ್ದೀಯಾ? ಅಜ್ಜಿ ಬಂದು ಸೇರ್ಕಳ್ಳಿ ಅಂತ ಸಂಚಿ ಬಿಚ್ಚದು."

ಅವ್ವ ಕಂಬಳಿ ಸರಿಸಿ ಎದ್ದು ಕೂತಳು.

"ಈಗ್ಲೇ ಓಗು. ಮೊದ್ಲು ದೊಡ್ಡವ್ವನ ಮನೆ, ಆಮೇಲೆ ಅಜ್ಜಿ ಮನೆ. ತಪ್ಪು ನಂದು ಅನ್ನು. ನಾಳೆ ನಮ್ಮ ಹೊಲಕ್ಕೆ ಬನ್ನಿ ಅಂತ ಮಾತ್ರ ಕೇಳ್ಬೇಡ."

ಕೇಳಬೇಕಾಗಿದ್ದೇ ಅದು. ನಮ್ಮದಾದ ಮೇಲೆ ಅಜ್ಜಿಯ ತುಂಡು ಹೊಲದ ಸರದಿ. ಅಂದರೆ ನಾಳೆ ನಮ್ಮ ಹೊಲದಲ್ಲಿ ಮೊದಲ ಸಾಲು ಅವಳದು. ಅವಳು ಬಾರದಿದ್ದರೆ ಒಬ್ಬರೂ ಇಳಿಯುವುದಿಲ್ಲ. ಗೋಪಾಲಸ್ವಾಮಿ ಬೆಟ್ಟದ ಮೇಲೆ ಮೋಡ ಕಟ್ಟಿತ್ತು. ಇನ್ನೊಂದು ಮಳೆ ಬಿದ್ದರೆ ಕಳೆ ಪೈರನ್ನು ನುಂಗಿಬಿಡುತ್ತದೆ. ಆ ಹೊಲವೇ ನಮಗೆ ವರ್ಷದ ಊಟ.

ಹೋಗಿ ಹೇಳಿದೆ. ದೊಡ್ಡವ್ವ ಅಜ್ಜಿಗೆ ಬೈದದ್ದಕ್ಕಿಂತ ಎರಡು ಪಾಲು ನನಗೆ ಬೈದಳು. ಅಜ್ಜಿ ಒಲೆ ಮುಂದೆ ಕೂತಿದ್ದಳು. ಪೂರ್ತಿ ಕೇಳಿಸಿಕೊಂಡು, "ಅವ್ವನ ಜ್ವರ ಬುಡ್ತಾ?" ಅಂದಳು. ಮತ್ತೆ ಒಲೆಗೆ ಸೌದೆ ನೂಕಿದಳು.

ಬೆಳಿಗ್ಗೆ ಹೆಂಗಸರೆಲ್ಲ ಬಂದರು, ಆದರೆ ಬದುವಿನ ಮೇಲೆಯೇ ನಿಂತರು. ಬಿಸಿಲು ಏರಿತು. ಯಾರೂ ನನ್ನ ಮುಖ ನೋಡಲಿಲ್ಲ. ಅಪ್ಪ ದೂರದಲ್ಲಿ ಎತ್ತು ಹಿಡಿದು ನಿಂತಿದ್ದ. ಒಬ್ಬಳು ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಡಲು ತಿರುಗಿದಳು. ಆಗ ಅಜ್ಜಿ ಬಂದಳು.

"ಮದ್ವೆಗ್ ಬಂದೋರಂಗೆ ನಿಂತಿದ್ದೀರಲ್ಲ, ಕೂತ್ಕಳಿ," ಅಂದು ಮೊದಲ ಸಾಲಿಗೆ ಕೂತಳು. ಒಂದೊಂದು ಬುಡವನ್ನೂ ಬೆರಳಲ್ಲಿ ಮುಟ್ಟಿ ನೋಡುತ್ತಾ ಹೊರಟಳು. ಎಲ್ಲರೂ ಅವಳ ಹಿಂದೆ ಅಷ್ಟೇ ನಿಧಾನಕ್ಕೆ ಹೋದೆವು. ಕೊನೆಯ ಸಾಲು ನನ್ನದು. ಅಲ್ಲಿಂದ ಎಲ್ಲರ ಬೆನ್ನೂ ಕಾಣುತ್ತಿತ್ತು. ಸಂಜೆಗೆ ಕಾಲು ಭಾಗ ಹೊಲ ಉಳಿದುಹೋಯಿತು. ಯಾರೂ ಗೊಣಗಲಿಲ್ಲ. ಉಳಿದದ್ದನ್ನು ನಾನೊಬ್ಬಳೇ ಮೂರು ದಿನ ತೆಗೆದೆ. ಒಂದು ರಾಗಿ ಪೈರೂ ಹೋಗಲಿಲ್ಲ.

ಈಗ ನಮ್ಮ ಹೊಲದಲ್ಲಿ ಚೆಂಡು ಹೂವು. ಕಳೆಗೆ ಒಬ್ಬ ಬೆನ್ನಿಗೆ ಕ್ಯಾನು ಕಟ್ಟಿಕೊಂಡು ಔಷಧಿ ಹೊಡೆದು ಹೋಗುತ್ತಾನೆ. ಅವನ ಹಿಂದೆ ಯಾರೂ ಇರುವುದಿಲ್ಲ. ಕೆಲಸ ಬೇಗ ಮುಗಿಯುತ್ತದೆ, ಅದಕ್ಕೆ ನನ್ನ ತಕರಾರಿಲ್ಲ. ಈಗಿನ ಮಕ್ಕಳು ನೀವು ಗುಂಡ್ಲುಪೇಟೆಗೆ ಬಸ್ಸಿನಲ್ಲಿ ಹೋಗಿ ಓದುತ್ತೀರಿ, ಅದೂ ಒಳ್ಳೆಯದೇ. ಮೊನ್ನೆ ಮೊಮ್ಮಗಳು ಕ್ಲಾಸ್ ಲೀಡರ್ ಆದೆ ಅಂತ ಎದೆಯ ಮೇಲಿನ ಬ್ಯಾಡ್ಜ್ ತೋರಿಸಿದಳು. ಗಲಾಟೆ ಮಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವುದು ಅವಳ ಕೆಲಸವಂತೆ.

"ನಿಮ್ ಕ್ಲಾಸಲ್ಲಿ ಎಲ್ಲರಿಗಿಂತ ಕೊನೇಲಿ ಬರೆದು ಮುಗಿಸೋರು ಯಾರಮ್ಮಿ?" ಅಂತ ಕೇಳಿದೆ.

ಗೊತ್ತಿಲ್ಲ ಅಂದಳು. ನಾಳೆ ತಿಳಿದುಕೊಂಡು ಬಾ ಅಂದಿದ್ದೇನೆ.